ಸೋರುವ ಜಾಗ

ಕನಕಪುರ ರಸ್ತೆಯ ಬಂಕಿನಲ್ಲಿ ಸೀಮೆಸುಣ್ಣದ ಹಲಗೆ:
ಗಾಳಿ ಇಲ್ಲ.
ಊರ ತುಂಬ ಇರುವುದನ್ನು ಇಲ್ಲವೆಂದು ಬರೆದು
ಕೆಳಗೆ ಸಹಿ ಬೇರೆ ಹಾಕಿದ್ದ ಮ್ಯಾನೇಜರು.
ಬಂಡೆ ಹತ್ತಲೆಂದು ಹದಿನೈದು ಪೌಂಡಿಗೆ ಇಳಿಸಿದ್ದ ನಾಲ್ಕು ಟಯರುಗಳನ್ನು
ಡಾಂಬರಿನ ಮೇಲೆ ಕಿತ್ತ ಚಪ್ಪಲಿಯಂತೆ ಎಳೆಯುತ್ತ
ಬನಶಂಕರಿಯ ತನಕ ಬಂದೆ.
ಅವತ್ತೇ ತೀರ್ಮಾನ: ಇನ್ನು ನನ್ನ ಗಾಳಿ ನನ್ನ ಜೊತೆಗೇ ಬರಲಿ.

ಕಲಾಸಿಪಾಳ್ಯದ ಹಿಂದೆ, ಲಾರಿ ಆಫೀಸುಗಳ ಸಂದಿಯಲ್ಲಿ
ದಸ್ತಗೀರ್ ಸಾಹೇಬರ ಶೆಡ್ಡು.
ನಲವತ್ತು ವರ್ಷ ಡೀಸೆಲ್ ಇಂಜಿನ್ನುಗಳ ಪಕ್ಕ ಕೂತು
ಅವರ ಕಿವಿ ಎರಡೂ ಸವೆದಿವೆ.
ಮಾತಾಡುವುದಾದರೆ ಎದುರಿಗೆ ನಿಲ್ಲಬೇಕು,
ತುಟಿ ಬಿಡಿಸಿ ಆಡಬೇಕು.
ಪೆಟ್ಟಿಗೆ ಬಿಚ್ಚಿ ಕಂಪ್ರೆಸರನ್ನು ಎತ್ತಿ ನೋಡಿದರು,
ಸಂತೆಯಲ್ಲಿ ಕುಂಬಳಕಾಯಿ ಎತ್ತುವ ಹಾಗೆ.
“ಇಷ್ಟೇನಾ? ಇದಕ್ಕೆ ಇಪ್ಪತ್ತಾರು ಸಾವಿರಾನಾ?”

ಬ್ಯಾಟರಿಯ ಪಕ್ಕ ಒಂದು ಗೇಣು ಜಾಗ.
ರಟ್ಟಿನ ಮೇಲೆ ಅಳತೆ ಗೀಚಿ, ಪಟ್ಟಿ ಕೊಯ್ದು,
ಮೂಲೆ ಮಡಿಸಿ, ತೂತು ಕೊರೆದು, ರಬ್ಬರ್ ಬುಷ್ ಕೂರಿಸಿ:
ಮೊದಲ ಬ್ರಾಕೆಟ್ಟು ಬಾನೆಟ್ಟಿಗೆ ತಾಗಿತು.
ಎರಡನೆಯದು ರೇಡಿಯೇಟರ್ ಪೈಪಿಗೆ.
ಮೂರನೆಯದಕ್ಕೆ ಅಳತೆಯನ್ನೇ ತೆಗೆಯಲಿಲ್ಲ ಸಾಹೇಬರು,
ಕೈ ಒಳಗಿಟ್ಟು ಕಣ್ಣು ಮುಚ್ಚಿದರು, ಅಷ್ಟೆ.
ಕೂತಿತು.

ವೈರಿಂಗಿಗೆ ಬಂದವನು ಆಸ್ಟಿನ್ ಟೌನಿನ ಅಂತೋಣಿ.
ಮಾತು ಜಾಸ್ತಿ. ಆದರೆ ರಿಲೇ ಜೋಡಿಸಿದ್ದು ಚೊಕ್ಕ;
ಕಪ್ಪು ತಂತಿ ಕಚ್ಚುವ ಕಡೆ ಚಾಸಿಯ ಬಣ್ಣ ಉಜ್ಜಿ
ಕಬ್ಬಿಣ ಹೊಳೆಯುವ ತನಕ ಬಿಡಲಿಲ್ಲ.
ನಲವತ್ತು ಆಂಪಿಯರಿನ ಫ್ಯೂಸು ಎತ್ತಿ ಹಿಡಿದು ಅಂದ:
“ಇದು ಸಾಯೋಕೆ ಅಂತಲೇ ಇರೋದು. ಇದು ಸತ್ರೆ ಗಾಡಿ ಬದುಕ್ತು.”
ಹಿಂದಿನ ಸೀಟಿನ ಕೆಳಗೆ ಟ್ಯಾಂಕು,
ಅದರ ಹೊಟ್ಟೆಯಡಿ ನೀರು ಬಸಿಯಲು ಪುಟ್ಟ ನಲ್ಲಿ.
“ನಮ್ಮೂರಿನ ಗಾಳೀಲಿ ನೀರಿದೆ ಸಾರ್,
ಮನೆ ನಲ್ಲೀಲೇ ಇಲ್ಲ.”

ಸಂಜೆ ಏಳಕ್ಕೆ ಸ್ವಿಚ್ಚು ಒತ್ತಿದೆವು.
ಮುಳ್ಳು ಏರಿ ಏರಿ ನೂರಹತ್ತಕ್ಕೆ ಟಕ್ ಎಂದು ನಿಂತಿತು.
ಸಿಳ್ಳೆ ಹಾಕಿದ ಅಂತೋಣಿ.
ಒಂದು ಚಹಾ ಮುಗಿಯುವಷ್ಟರಲ್ಲಿ ನೂರೆಂಟು.
ಬಿರಿಯಾನಿ ಮುಗಿಯುವಷ್ಟರಲ್ಲಿ ತೊಂಬತ್ತು,
ಯಾರೂ ಮುಟ್ಟದೆ ಮೋಟಾರು ತಾನೇ ಗುರ್ರೆಂದಿತು.
“ಗಾಳಿ ಹಿಡಿದಿದೆ ಇದಕ್ಕೆ,” ಅಂದ ಅಂತೋಣಿ.
ಹಿಡಿದಿಲ್ಲ, ಅದೇ ತೊಂದರೆ.

ಸೋಪಿನ ನೀರು ಕದಡಿ ಬ್ರಷ್ಷಿನಲ್ಲಿ ಹಚ್ಚಿದೆವು,
ಒಂದು ಜಾಯಿಂಟೂ ಗುಳ್ಳೆ ಬಿಡಲಿಲ್ಲ.
ಕಿವಿಯಿಟ್ಟರೆ ಕೇಳುವುದು ಬರೀ ಬೆಂಗಳೂರು:
ಹಿಂದೆ ಹಿಂದೆ ಬರುವ ಲಾರಿಯ ಪೀಂಪೀಂ,
ಮೂಟೆ ಬೀಳುವ ಸದ್ದು, ಜನರೇಟರು,
ಹೊರಡದ ಬಸ್ಸಿನವನು ಹೊರಟೆ ಹೊರಟೆ ಎಂದು ಕೂಗುವುದು.
ಕಾದೆವು. ಹನ್ನೆರಡು. ಒಂದೂವರೆ.
ಎರಡೂವರೆಗೆ ಎಲ್ಲವೂ ಒಮ್ಮೆಗೇ ತಣ್ಣಗಾಯಿತು;
ನಾನು ಬಗ್ಗಿದೆ. ನಾಯಿಗಳು ಶುರುಮಾಡಿದವು.

ಗೋಣಿತಾಟಿನ ಮೇಲೆ ಮಲಗಿದ್ದ ಸಾಹೇಬರು ಎದ್ದರು.
ಯಾವ ಸದ್ದೂ ಇಲ್ಲದ ಜಾಗದಿಂದ ಎದ್ದು ಬಂದವರು,
ಕೆಳತುಟಿಯನ್ನು ನಾಲಗೆಯಿಂದ ಒದ್ದೆ ಮಾಡಿಕೊಂಡು
ರಟ್ಟು ಹಾಸಿ ಗಾಡಿಯಡಿ ಜಾರಿದರು.
ಹೋಸಿನ ಉದ್ದಕ್ಕೂ, ಮುಟ್ಟಿಯೂ ಮುಟ್ಟದಂತೆ,
ಬಿಸಿಹಾಲಿನ ಲೋಟ ಹತ್ತಿರ ತಂದವರಂತೆ ಮುಖ ಸರಿಸುತ್ತ
ಟ್ಯಾಂಕಿನ ಹಿಂದೆ, ಬ್ರಷ್ಷು ಹೋಗದ ಮಗ್ಗುಲಲ್ಲಿ
ನಿಂತರು.
“ಇಲ್ಲಿ. ತಣ್ಣಗಿದೆ.”

ನನ್ನನ್ನೂ ಕರೆದರು. ತುಟಿ ಒದ್ದೆ ಮಾಡಿಕೊಂಡು ಹೋದೆ.
ಸೂಜಿಮೊನೆಯಷ್ಟು ಚಳಿ.
ಬಿಚ್ಚಿದರೆ, ಉಲ್ಟಾ ಸುತ್ತಿದ ಟೆಫ್ಲಾನ್ ಟೇಪು.
ಆ ಒಂದು ಜಾಯಿಂಟು ಸುತ್ತಿದ್ದು ನಾನು,
ನಾನೂ ಕೈ ಹಚ್ಚುತ್ತೇನೆಂದು ಮಧ್ಯಾಹ್ನ ಹಠ ಹಿಡಿದು.

ಟಾರ್ಚನ್ನು ನನ್ನ ಮುಖಕ್ಕೇ ತಿರುಗಿಸಿಕೊಂಡು
ತುಟಿ ಬಿಡಿಸಿ ಕೇಳಿದೆ: ಆಗಲೇ ಗೊತ್ತಿತ್ತಾ?
ನನ್ನ ತುಟಿಯನ್ನೇ ನೋಡುತ್ತಿದ್ದ ಸಾಹೇಬರು
ಏನೂ ಕೇಳಿಸಲಿಲ್ಲವೆಂಬಂತೆ ಕೈ ಚಾಚಿದರು:
“ಹದಿನೇಳರ ಸ್ಪ್ಯಾನರ್ ಕೊಡಿ.”