ಸರ್ವೆ ನಂಬರ್ ನೂರಾ ಹದಿನಾಲ್ಕು

ವಡಗೇರಾ ದಾಟಿ, ಭೀಮೆ ಮಗ್ಗಲು ಬದಲಿಸುವ ಕಡೆ
ಹನ್ನೊಂದು ಎಕರೆ ಎರೆ.
ಕಾಗದದಲ್ಲಿ ಒಂದೇ ಪ್ರಶ್ನೆ:
ಮನೆ ಕಟ್ಟಲು ಯೋಗ್ಯವೋ, ಅಯೋಗ್ಯವೋ.
ಒಂದನ್ನು ಹೊಡೆದು ಹಾಕಿ, ಇನ್ನೊಂದರ ಕೆಳಗೆ ಸಹಿ.
ನನ್ನ ಕೆಲಸ ಇಷ್ಟೇ.

ಜೀಪಿಳಿದಾಗ ಊರೇ ನಿಂತಿತ್ತು,
ಪತ್ರಾ ಶೆಡ್ಡುಗಳಿಂದ ಎದ್ದು ಬಂದವರು,
ಮೂರು ಬೇಸಿಗೆ ಅದರೊಳಗೆ ಬೆಂದವರು.
ಚಾ ಬಂತು, ಕುರ್ಚಿ ಬಂತು,
ಕುರ್ಚಿಗೆ ಹಾಸಲು ಯಾರದೋ ಮದುವೆಯ ಟವೆಲ್ಲು ಬಂತು.
"ಚಲೋ ಭೂಮಿ ಅದರಿ ಮೇಡಂ" ಅಂದರು
ನಾನು ಕೇಳುವ ಮೊದಲೇ.

ಮೌಲಾಲಿ ಅಳತೆಕೋಲು ಹೊತ್ತು ಮುಂದೆ ನಡೆದ.
ನಾನು ಮಣ್ಣು ಹಿಡಿದೆ.
ನೀರು ಹಚ್ಚಿ ತಿಕ್ಕಿದರೆ ಬೆಣ್ಣೆ,
ಒಣಗಿದಲ್ಲಿ ಕಾಲು ಇಳಿಯುವಂಥ ಬಿರುಕು.
ಮೊಳದಾಳದಲ್ಲಿ ಹೊಳೆಯ ಚಿಪ್ಪು,
ಎಳೆಗೂಸಿನ ಉಗುರಿನಷ್ಟು ತೆಳ್ಳಗೆ.
ಅದು ಇಲ್ಲಿಗೆ ನಡೆದು ಬಂದಿರಲಾರದು.

ಹೊಲದಂಚಿಗೊಂದು ಹಳೆ ಪಂಪಿನ ಮನೆ.
ಬಾಗಿಲಿಲ್ಲ, ಮೋಟರಿಲ್ಲ, ಮಾಡೂ ಇಲ್ಲ.
ಅಂಥದಕ್ಕೆ ಯಾರು ಸುಣ್ಣ ಹಚ್ಚುತ್ತಾರೆ
ಅದೂ ಕಾರಹುಣ್ಣಿಮೆ ಮುಗಿದ ಮೇಲೆ?
ನನ್ನ ತಲೆಯ ಮೇಲೆ ಒಂದು ಗೇಣಿನವರೆಗಷ್ಟೇ ಬಿಳುಪು;
ನೀರು ಎಲ್ಲಿಗೆ ಏರಿತ್ತೋ ಅಲ್ಲಿಗೇ ಕುಂಚ ನಿಂತಿತ್ತು.
ಅಳಿಸಲು ಹೋದವರು
ಅಚ್ಚುಕಟ್ಟಾಗಿ ಬರೆದಿಟ್ಟಿದ್ದರು.

ನಾನು ನೋಡಿದ್ದನ್ನು ಸಾಬವ್ವ ನೋಡಿದಳು.
ಅಂಬಿಗರ ಮುದುಕಿ, ಸೇತುವೆಗೂ ಮುಂಚೆ
ಹರಗೋಲು ಹಾಕುತ್ತಿದ್ದ ಮನೆತನ.
ಸೆರಗಿನ ತುದಿಗೆ ಸುಣ್ಣದ ಚುಕ್ಕೆ.
ಮುಚ್ಚಿಕೊಳ್ಳಲಿಲ್ಲ. ಕೈ ಹಿಡಿದು
ಜಾಲಿಗಿಡದ ಕೆಳಗೆ ಕರೆದೊಯ್ದಳು.
ಮೇಲೆ, ಕವಲಿನಲ್ಲಿ ಕಣಿಕೆಯ ಮುದ್ದೆ,
ಒಡೆದ ಕೊಡದ ಕಂಠ, ಯಾವುದೋ ಕೂಸಿನ ಕುಲಾವಿ.
"ಇದರ ತನಕ ನಮ್ಮ ಹುಡುಗರ ಕೈ ಹೋಗಲಿಲ್ಲ. ಮುಳ್ಳು ಭಾಳ."

ಆಮೇಲೆ ನೆಲ ನೋಡುತ್ತ ಅಂದಳು:
"ಹೊಳಿ ದಿನಾ ಬರಂಗಿಲ್ಲ, ತಾಯಿ.
ಪತ್ರಾದ ಬಿಸಲು ದಿನಾ ಬರ್ತದ.
ಹೊಳಿ ಬರೋ ಮುಂದ ಇರಿವಿ ತತ್ತಿ ಹೊತ್ತು ಗ್ವಾಡಿ ಏರ್ತಾವ,
ಹಾವು ಹೊಲ ಬಿಡ್ತಾವ.
ಎದ್ದು ಓಡೋದು ನಮಗ ಗೊತ್ತದ.
ಮಲಗೋದಕ್ಕ ಜಾಗ ಇಲ್ಲ, ಅಷ್ಟೇ. ನೀ ಬರದು ಕೊಡು."

ಯಂತ್ರದ ಕಣ್ಣಿನಲ್ಲಿ ಕೋಲು ಸಣ್ಣಗೆ ನಡುಗಿತು.
ಒಂದು ಮೀಟರ್ ಎಂಬತ್ತು.
"ಮೊಳ ಕಮ್ಮಿ ಬರೀರಿ," ಅಂದ ಮೌಲಾಲಿ, ನನ್ನತ್ತ ನೋಡದೆ.
ಅವನ ತಂಗಿಯನ್ನು ಇದೇ ಊರಿಗೆ ಕೊಟ್ಟಿದೆ.

ರಸ್ತೆಯಾಚೆ ಒಂದು ದಿನ್ನೆ ಕಂಡಿತು.
ಗೇಣು ಅಗೆದರೆ ಫರ್ಸಿ, ಎಂಥ ಮಳೆಗೂ ನೀರು ನಿಲ್ಲದ ಬರಡು.
"ಅದು ಯಾಕಾಗಬಾರದು?" ಕೇಳಿದೆ.
ಚಾದ ಕಪ್ಪುಗಳೂ ಸುಮ್ಮನಾದವು.
ದಿನ್ನೆ ಸಿದ್ರಾಮರೆಡ್ಡಿಯದು.
ಈ ಹನ್ನೊಂದು ಎಕರೆ ಸರಕಾರಕ್ಕೆ ಮಾರಲು ಒಪ್ಪಿದ
ದೊಡ್ಡ ಮನಸ್ಸೂ ಅವರದೇ.

ಯಾದಗಿರಿಯ ಲಾಡ್ಜಿನಲ್ಲಿ ಆ ರಾತ್ರಿ
ಗಾಜಿನ ನಳಿಗೆಗೆ ಹತ್ತು ಗೀಟು ಮಣ್ಣಿನ ಪುಡಿ ಸುರಿದು
ಮೇಲೆ ನೀರು ಹಾಕಿ ಕಿಟಕಿಯಲ್ಲಿಟ್ಟೆ.
ನಿದ್ದೆ ಬರಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ.
ಚೆನ್ನಾಗಿ ಮಲಗಿದೆ. ಫ್ಯಾನಿತ್ತು.
ಬೆಳಿಗ್ಗೆ ಮಣ್ಣು ಹದಿನೇಳಕ್ಕೆ ಬಂದಿತ್ತು,
ಸದ್ದಿಲ್ಲದೆ, ಹಿಟ್ಟು ಹುದುಗಿದ ಹಾಗೆ.

ಅಯೋಗ್ಯ ಎಂದು ಬರೆದೆ.
ನಮ್ಮ ಕಡೆ ಅದು ಬೈಗುಳ.
ಬರೆಯುವಾಗ ಯಾರ ಮುಖ ಎದುರಿತ್ತು ಎಂದು
ಕಾಗದ ಕೇಳುವುದಿಲ್ಲ;
ನಾಲ್ಕೈದು ಮುಖಗಳಿದ್ದವು, ಒಂದು ಕನ್ನಡಿಯಲ್ಲಿ.
ಷರಾದ ಕಾಲಮ್ಮಿನಲ್ಲಿ ದಿನ್ನೆಯ ಸರ್ವೆ ನಂಬರ್ ಬರೆದು
ಕೆಳಗೆ ಎರಡು ಸಲ ಗೆರೆ ಎಳೆದೆ, ಹಾಳೆ ಹರಿಯುವಷ್ಟು ಒತ್ತಿ.
ಅದನ್ನು ಯಾರು ಓದುತ್ತಾರೋ, ಯಾವ ಬೇಸಿಗೆಗೋ.

ಕೆಳಗೆ ಮೌಲಾಲಿ ಹಾರ್ನ್ ಹೊಡೆಯುತ್ತಿದ್ದ.
ನಳಿಗೆ ಬೋರಲು ಹಾಕಿದರೂ ಮಣ್ಣು ಬಿಡಲಿಲ್ಲ.
ತೊಳೆಯಲು
ಬಹಳ ನೀರು ಬೇಕಾಯಿತು.