ಒಂದು ಬೆರಳು

ಪಾಂಡವಪುರದಲ್ಲಿ ಸೋಲಿಗೆ ಮೂರು ದಿನದ ಸೂತಕ.
ಇವತ್ತು ನಾಲ್ಕನೆಯದು, ಇನ್ನೂ ಮುಗಿದಿಲ್ಲ.
ಸಾವಂದಮ್ಮನ ಟೀ ಅಂಗಡಿಯ ಚಪ್ಪಡಿಯ ಮೇಲೆ
ಖಾಲಿ ಲೋಟಗಳೇ ಫೀಲ್ಡರುಗಳು
ಸಕ್ಕರೆ ಡಬ್ಬಿ ವಿಕೆಟ್ಟು
ಕೆಂಪರಾಜಣ್ಣನ ಬೀಡಿಕಟ್ಟು ಲಾಂಗಾನಿನಲ್ಲಿ.

"ಇವನ್ನ ಒಸಿ ಹಿಂದಕ್ಕೆ ನಿಲ್ಸಿದ್ರೆ ಆಗದಾ?"
ಬೀಡಿಕಟ್ಟು ಎರಡು ಬೆರಳು ಹಿಂದೆ ಸರಿಯುತ್ತದೆ.
ಆ ಎರಡು ಬೆರಳಿನ ಜಾಗದಲ್ಲಿ ನಮ್ಮ ಟಗರಿತ್ತು,
ಮೊದಲ ಬಹುಮಾನ.
ಚಿನಕುರಳಿಯವರ ಲಗೇಜ್ ಆಟೋದಲ್ಲಿ ನಿಂತು
ತನ್ನ ಕೊರಳ ಹಾರ ತಾನೇ ಮೇಯುತ್ತಾ ಹೋಯಿತು.

"ಓಪನಿಂಗೇ ತಪ್ಪು ಕಣ್ಲಾ.
ಮೇಷ್ಟ್ರ ಮಗ ಹನ್ನೊಂದು ಬಾಲಿಗೆ ನಾಕು ರನ್ನು!
ಬ್ಯಾಟ್ ಹಿಡ್ಕಂಡಿದ್ನಾ, ಬಸ್ಸಿಗೆ ಕಾಯ್ತಿದ್ನಾ?"
"ಜರ್ಸಿಗೆ ದುಡ್ಡು ಕೊಟ್ಟೋರು ಯಾರು, ಅದ್ ಹೇಳು."
ಯಾರೂ ಹೇಳಲಿಲ್ಲ.
ಹನ್ನೊಂದು ಜರ್ಸಿಗೂ ನಂಬರು ಹೊಲಿದವನು ನಾನು,
ಕೊರಳಲ್ಲಿ ಟೇಪು, ಕಂಕುಳಲ್ಲಿ ಸ್ಕೋರ್ ಬುಕ್ಕು,
ಟೀ ಊದಿಕೊಂಡು ಕೂತೆ.

"ಅದ್ ಬುಡು. ಕೊನೇ ಓವರು ಇನಾಯತ್‌ಗೆ ಯಾಕೆ?
ಬೋರಲಿಂಗ ಸತ್ತೋಗಿದ್ನಾ?"
"ರಾತ್ರಿಯೆಲ್ಲ ಆಲೆಮನೆ ಒಲೆಗೆ ಸಿಪ್ಪೆ ತಳ್ಳವ್ನೆ,
ಹೆಗಲು ಎಲ್ಲಿ ಏಳ್ತದೆ?"
"ಬೆಲ್ಲ ಎತ್ತೋ ಕೈಗೆ ರಬ್ಬರ್ ಬಾಲು ಭಾರವಾ?"
"ಮರಿಜವರನ ಎಡಗೈ ಸ್ಪಿನ್ ಇತ್ತಲ್ಲ."
"ಗಾಳಿ ನಾಲೆ ಕಡೆಯಿಂದ ಬೀಸ್ತಿತ್ತು."
"ಗಾಳಿಗೂ ನಾಲೆಗೂ ಏನ್ಲಾ ಸಂಬಂಧ,
ನೀರೇ ಇಲ್ಲ ನಾಲೇಲಿ!"
ಕ್ಯಾಪ್ಟನ್ ಚಲುವ ತಲೆ ತಗ್ಗಿಸಿ
ಸಕ್ಕರೆ ಡಬ್ಬಿಯ ಮುಚ್ಚಳ ತೆಗೆದು ಹಾಕಿ ತೆಗೆದು ಹಾಕಿ
ಇರುವೆ ಒಂದನ್ನು ಹೊರಗೆ ಬಿಟ್ಟ.

ಸಾವಂದಮ್ಮ ಲೋಟ ತೊಳೆಯಲು ಬಂದಳು,
ಸ್ಲಿಪ್, ಪಾಯಿಂಟ್, ಕವರು ಎಲ್ಲ ಬಾಚಿಕೊಂಡು:
"ಆ ಹುಡುಗ ನಾಕು ದಿನದಿಂದ ಟೀಗೆ ಬಂದಿಲ್ಲ.
ಲೆಕ್ಕದಲ್ಲಿ ಹದಿನೆಂಟು ರೂಪಾಯಿ ಬಾಕಿ ಅದೆ."
ಅಷ್ಟೇ ಅಂದಳು.

ಪುಸ್ತಕ ನನ್ನ ಕಂಕುಳಲ್ಲೇ ಇದೆ.
ಆರು ಬಾಲಿಗೆ ಎಂಟು ಬೇಕಿತ್ತು ಅವರಿಗೆ.
ಚುಕ್ಕಿ. ಒಂದು. ಚುಕ್ಕಿ. ಎರಡು.
ಐದನೆಯದು ನಡುಗುಟ್ಟಕ್ಕೆ, ಗುಟ್ಟ ಹಾರಿತು,
ಊರಿಗೆ ಊರೇ ಎದ್ದು ಕುಣಿಯಿತು.
ಪೆನ್ನಿನ ಕ್ಯಾಪು ಬಾಯಲ್ಲಿಟ್ಟು ನಾನೂ ಸೀಟಿ ಊದಿದೆ.
ಬರೆಯಲಿಲ್ಲ.
ಆರನೆಯದು ಚುಕ್ಕಿ.
ಅಂಪೈರ್ ತಿಮ್ಮೇಗೌಡರ ಕೈಯಲ್ಲಿ
ಇನ್ನೂ ಒಂದು ಬೆಣಚುಕಲ್ಲು ಉಳಿದಿತ್ತು,
ಆ ಕುಣಿತದಲ್ಲಿ ಅವರೂ ಜೇಬು ಬದಲಿಸುವುದು ಮರೆತಿದ್ದರು.
ಅನುಮಾನದಿಂದ ನನ್ನ ಕಡೆ ನೋಡಿದರು.
ಪುಸ್ತಕದಲ್ಲಿ ಐದೇ ಗುರುತು.
ಒಂದು ಬೆರಳು ಎತ್ತಿದೆ.

ಬಾಲು ಕುಂತಿಬೆಟ್ಟದ ದಿಕ್ಕಿಗೆ ಹೋಗಿ
ಒಣನಾಲೆಯ ಒಳಗೆ ಎರಡು ಸಲ ಸದ್ದು ಮಾಡಿತು.

ರಾತ್ರಿ ದೀಪದಡಿ ವಿಕೆಟ್ಟನ್ನು ಅದರ ಮನೆಗೆ ತುಂಬಿದಾಗ
ಏಳು ಗುರುತು.
ಎಣಿಸಿದೆ. ಟೇಪು ಹಿಡಿದು ಅಳೆಯುವವನ ಹಾಗೆ
ಬಲದಿಂದ, ಎಡದಿಂದ.
ಏಳು.

ಚಪ್ಪಡಿಯ ಮೇಲೆ ಈಗ ಸಕ್ಕರೆ ಡಬ್ಬಿ ಒಂದೇ.
"ಇನಾಯತ್‌ಗೆ ಕೊಟ್ಟಿದ್ದೇ ತಪ್ಪು" ಅಂತ
ಐದು ಜನ ಒಪ್ಪಿದರು, ಅಪರೂಪಕ್ಕೆ.
ನನ್ನ ಅಭಿಪ್ರಾಯ ಯಾರೂ ಕೇಳಲಿಲ್ಲ.
ಸ್ಕೋರು ಬರೆಯುವವನಿಗೆ ಅಭಿಪ್ರಾಯ ಎಲ್ಲಿಂದ?

ಸಂಜೆ ಗಾಳಿ ತುಂಬಿದ ಸೈಕಲ್ಲನ್ನೇ ತಳ್ಳಿಕೊಂಡು
ಅವನ ಪಂಕ್ಚರ್ ಅಂಗಡಿಗೆ ಹೋದೆ.
ಟ್ಯೂಬು ಕಿತ್ತು, ನೀರಿನ ಬೋಗುಣಿಯಲ್ಲಿ ಅದ್ದಿ
ಗೇಣು ಗೇಣಾಗಿ ತಿರುಗಿಸಿದ.
ಒಂದು ಗುಳ್ಳೆಯೂ ಏಳಲಿಲ್ಲ.
"ಎಲ್ಲೂ ತೂತಿಲ್ಲ, ಟೈಲರ್ ಮಾಸ್ಟ್ರೆ."
"ಇದೆ" ಅಂದೆ, "ಇನ್ನೊಂದ್ಸಲ ನೋಡು."
ಅವನು ನನ್ನ ಮುಖ ನೋಡಿ
ಮತ್ತೆ ಮುಳುಗಿಸಿದ.