ಬಿಟ್ಟ ಸಾಲು

ಮೊದಲ ಸಲ ಪ್ರಬಂಧ ಬರೆಸಿದಾಗ
ಐದನೇ ಈಯತ್ತೆಯ ಮೂವತ್ತೊಂದು ಮಂದಿಯೂ
ಮೈಸೂರಿಗೆ ಹೋಗಿ ಬಂದಿದ್ದರು.
ಮೂವತ್ತೊಂದು ಮಂದಿಯೂ ಬೆಳಗಿನ ಆರಕ್ಕೇ ಬಸ್ಸು ಹತ್ತಿ
ಆನೆಯನ್ನು ಕಂಡು ಆನಂದಪಟ್ಟು
'ಈ ಪ್ರವಾಸವನ್ನು ನಾನೆಂದಿಗೂ ಮರೆಯಲಾರೆನು' ಎಂದು
ಒಂದೇ ಗೈಡಿನ ಪೂರ್ಣವಿರಾಮ ಇಟ್ಟಿದ್ದರು.

ಜಮಖಂಡಿ ದಾಟಿ ಆಚೆ ಹೋದವರು ಕೈ ಎತ್ತಿರಿ, ಅಂದೆ.
ನಾಲ್ಕು ಕೈ ಎದ್ದವು.
ಒಂದು ಅರ್ಧಕ್ಕೇ ಇಳಿಯಿತು.

ಕೆಂಪು ಪೆನ್ನಿನ ಟೊಪ್ಪಿಗೆ ಹಾಕಿ ಇಟ್ಟುಬಿಟ್ಟೆ.

ಮರುದಿನ: ಪಾಟಿಚೀಲ ಬದಿಗಿಡ್ರಿ,
ಮೈಮ್ಯಾಲೆ ಕಲೆ ಇದ್ದವರು ತೋರಿಸ್ರಿ.
ಸ್ವಲ್ಪ ಹೊತ್ತು ಯಾರೂ ಅಲುಗಲಿಲ್ಲ.
ಹೊರಗೆ ರಬಕವಿಯ ಮಗ್ಗಗಳು, ಖಟಪಟ ಖಟಪಟ.
ಆಮೇಲೆ ಎದ್ದವು ನೋಡಿ ಮೊಣಕಾಲು, ಗದ್ದ, ಹುಬ್ಬು,
ಅಂಗಿ ಸರಿಸಿದ ಭುಜ,
ನಂದು ದೊಡ್ಡದು, ನಂದು ಹಳೇದು,
ನಂದು ನೋಡ್ರಿ ಅಕ್ಕಾರ, ಏಳು ಹೊಲಿಗಿ!

ನಿಮ್ದು, ಅಕ್ಕಾರ?
ಬಳೆ ತುಸು ಮೇಲೆ ಸರಿಸಿದೆ. ಎಣ್ಣಿ ಸಿಡೀತು, ಅಂದೆ.
ಅದು ಎಣ್ಣೆಯಲ್ಲ.

ಇನ್ನ ಬರೀರಿ.
ಏನಂತ್ರಿ?
ಹ್ಯಾಂಗ ಆತು ಅಂತ.
'ಹ್ವಾದೆ' ಅಂತ ಬರೀಬೇಕೋ 'ಹೋದೆನು' ಅಂತ ಬರೀಬೇಕೋ?
ಕೇಳಿದವ ಗುರುಪಾದ, ಹತ್ತು ವರ್ಷದವ.
ಅವನಿಗೇನು ಹೇಳಬೇಕೆಂದು
ಟಿಸಿಎಚ್‌ನಲ್ಲಿ ನನಗೆ ಯಾರೂ ಕಲಿಸಿರಲಿಲ್ಲ.
ಬಿದ್ದಾಗ ಏನಂತ ಚೀರಿದಿ?
'ಯವ್ವಾ' ಅಂದೆ.
ಹಂಗಾದರ ಹಂಗ ಬರಿ.

ಬಂದೇನವಾಜ ಬರೆದ:
ಲಾಳಿ ಹಾರಿ ಬಂದು ಹುಬ್ಬಿಗೆ ಬಡೀತು.
ಅಪ್ಪ ಮಗ್ಗ ನಿಲ್ಲಸಲಿಲ್ಲ, ಹಂಗ ಓಡಿ ಬಂದ.
ಎಳಿ ಹರದ್ವು. ಸಾವಕಾರ ಪಗಾರದಾಗ ಮುರಕೊಂಡ.
ಮುಂದ?
ಮುಂದೇನಿಲ್ರಿ. ಆ ಸೀರಿ ಈಗ ಅವ್ವ ಉಡ್ತಾಳ.
ಅದನ್ನ ಬರಿ ಮತ್ತ!
ಅದನ್ನೂ ಬರೀತಾರೇನ್ರಿ? ಎಂದು ನಕ್ಕ,
ಪೆನ್ಸಿಲ್ಲಿನ ತುದಿಯನ್ನು ನಾಲಿಗೆಗೆ ಒತ್ತಿ ಕೂತ.

ರತ್ನವ್ವನ ಮೈಮೇಲೆ ಒಂದೂ ಕಲೆ ಇರಲಿಲ್ಲ,
ಅದಕ್ಕೇ ಅತ್ತಳು.
ಕಡೆಗೆ ಆಯಿಯ ಮುಂಗೈಯ ಹಚ್ಚೆಯನ್ನು ಬರೆದು ತಂದಳು:
ಚುಚ್ಚೂವಾಗ ಹಾಡು ಹೇಳತಿದ್ರಂತ,
ಹುಡುಗಿ ಅಳೂದು ಓಣಿಗಿ ಕೇಳಬಾರದಂತ.
ಇದು ನಿಂದಲ್ಲಲ್ಲ ರತ್ನಿ, ಅಂದೆ.
ಕೇಳಿದಾಕಿ ನಾನಲ್ಲೇನ್ರಿ?
ನನ್ನ ಬಾಯಿ ಕಟ್ಟಿತು.

ಸುಗಲಾ ಆ ವರ್ಷವೇ ಸೇರಿದವಳು,
ಹೊಳೆದಂಡೆಯ ಊರಿನಿಂದ,
ವರ್ಗಾವಣೆ ಪತ್ರದ ಶಾಯಿ ನೀರಿಗೆ ಕದಡಿತ್ತು.

ಹೊಳಿ ಬಂತು. ಸಾಲಿ ಮಾಳಿಗಿ ಮ್ಯಾಲೆ ಮಲಗಿದ್ವಿ.
ನನ್ನ ಹಿಮ್ಮಡಕ್ಕ ತಗಡು ಹತ್ತಿತು. ನೋವು ಆಗಲಿಲ್ಲ.
ಎಮ್ಮಿ ಹಗ್ಗ ಬಿಚ್ಚಾಕ ಅಪ್ಪ ಇಳದು ಹ್ವಾದ.

ಮುಂಜಾನೆ ಬಿಸ್ಕೀಟ್ ಕೊಟ್ರು.

ನಡುವೆ ಒಂದು ಸಾಲು ಖಾಲಿ.
ಸಾಲು ಬಿಡಬೇಡ್ರಿ, ಹಾಳಿ ದಂಡ ಆಗತಾವ ಎಂದು
ದಿನಕ್ಕೆ ಹತ್ತು ಸಲ ಅನ್ನುವವಳು ನಾನು.
ಏನಾದರೂ ಅನ್ನುವ ಮೊದಲೇ
ಮೇಜಿನ ಹತ್ತಿರ ಬಂದು ಅದರ ಮೇಲೆ ಬೆರಳಿಟ್ಟಳು.
ಇದನ್ನ ಮುಂದ ಬರೀತೀನ್ರಿ.
ನನ್ನ ಅಕ್ಷರ ಇನ್ನೂ ದುಂಡಗ ಆಗಿಲ್ಲ.
ಹಾಗೆ ಹೇಳುವಾಗ ಅವಳು ನೋಡುತ್ತಿದ್ದದ್ದು
ನನ್ನ ಬಳೆಗಳನ್ನು.

ಸಂಜೆ, ಗಂಟೆ ಬಾರಿಸಿದ ಮೇಲೆ,
ಬೆಂಚಿನಡಿಯ ಪೆನ್ಸಿಲ್ ಸಿಪ್ಪೆಯನ್ನು ಕಾಲಿಂದ ಸರಿಸಿ ಕೂತು
ಕೆಂಪು ಪೆನ್ನು ತೆಗೆದೆ.
ಪುಟದ ಬುಡಕ್ಕೆ 'ನೋಡಿದೆ' ಎಂದು ಸಹಿ ಹಾಕುವುದು
ಹತ್ತೊಂಬತ್ತು ವರ್ಷದ ರೂಢಿ,
ನೋಡದೆಯೂ ಹಾಕಿದ್ದುಂಟು.
ಮೂವತ್ತು ವಹಿ ಮುಗಿದವು.
'ಹ್ವಾದೆ' 'ಹ್ವಾದೆ' ಎಂದು ಇದ್ದಲ್ಲೆಲ್ಲ
ಪೆನ್ನು ತಾನಾಗಿ ನಿಂತು, ತಾನಾಗಿ ಮುಂದೆ ಹೋಯಿತು.

ಸುಗಲಾಳ ಪುಟದಲ್ಲಿ ಮಾತ್ರ
ಬುಡಕ್ಕಲ್ಲ, ಆ ಖಾಲಿ ಸಾಲಿನ ಅಂಚಿಗೆ,
ಅವಳ ಜಾಗ ಕಡಿಮೆಯಾಗದಂತೆ, ಸಣ್ಣಗೆ:
ನೋಡಿದೆ.
ತಾರೀಖು ಹಾಕಲಿಲ್ಲ.